ಪೀಠಿಕೆ ಉಂಟು, ಪ್ರಸಂಗ ಇಲ್ಲ

ಲಿಂಕ್ಡ್‌ಇನ್ ಮೈಕ್ರೋಸಾಫ್ಟಿನ ಸ್ವತ್ತು. ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ. ನಾದೆಲ್ಲ ಎಂಜಿನಿಯರಿಂಗ್ ಓದಿದ್ದು ಮಣಿಪಾಲದ ಎಂಐಟಿಯಲ್ಲಿ, ಪದವಿ ಪಡೆದದ್ದು 1988ರಲ್ಲಿ. 2016ರ ಜೂನ್‌ನಲ್ಲಿ ಅವರ ಕಂಪನಿ 2,620 ಕೋಟಿ ಡಾಲರ್ ಕೊಟ್ಟು ಈ ಜಾಲತಾಣವನ್ನು ಕೊಳ್ಳುವುದಾಗಿ ಘೋಷಿಸಿತು. ಇವತ್ತು ಟೈಗರ್ ಸರ್ಕಲ್ ಹತ್ತಿರದ ಯಾವುದೋ ಹಾಸ್ಟೆಲ್ ಕೋಣೆಯಲ್ಲಿ ಕೂತ ಮೂರನೇ ವರ್ಷದ ಹುಡುಗ ‘ನಾದೆಲ್ಲ ನಡೆದ ಕಾರಿಡಾರಿನಲ್ಲೇ ನಾನೂ ನಡೆಯುತ್ತಿದ್ದೇನೆ’ ಎಂದು ಬರೆದು ಅದೇ ಜಾಲತಾಣಕ್ಕೆ ಏರಿಸಿದರೆ, ಮಾಲು ಹೊರಟಲ್ಲಿಗೇ ಬಂದು ಸೇರಿತು ಎನ್ನಬೇಕು. ಕಾರಿಡಾರಿನಲ್ಲಿ ನಡೆದದ್ದಷ್ಟೇ ಇಬ್ಬರಿಗೂ ಸಾಮಾನ್ಯ ಎಂಬುದನ್ನು ಯಾರೂ ಹೇಳುವುದಿಲ್ಲ. ಕೆಳಗೆ ‘ಇನ್‌ಸ್ಪೈರಿಂಗ್’ ಎಂಬ ಕಾಮೆಂಟುಗಳು ಬೀಳುತ್ತವೆ.

ತನ್ನನ್ನು ತಾನೇ ಮೆರೆಸಿಕೊಳ್ಳುವ ಈ ರೋಗ ಎಲ್ಲ ಊರಲ್ಲೂ ಇದೆ. ಆದರೆ ಉಡುಪಿಯಂಥ ಸಣ್ಣ ಜಿಲ್ಲೆಯಲ್ಲಿ ಅದನ್ನು ಹತ್ತಿರದಿಂದ ನೋಡುವುದು ಸುಲಭ. ಮಣಿಪಾಲದಲ್ಲಿ 1957ರಲ್ಲಿ ಹುಟ್ಟಿದ ಎಂಐಟಿ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಿಂದ ಇರುವ ತಾಂತ್ರಿಕ ಕಾಲೇಜು, ಕಾಪು ತಾಲೂಕಿನ ಬಂಟಕಲ್ಲಿನಲ್ಲಿ 2010ರಲ್ಲಿ ಶುರುವಾದ ಮಧ್ವ ವಾದಿರಾಜ ಕಾಲೇಜು, ಇವೆಲ್ಲ ಒಂದೂವರೆ ಗಂಟೆಯ ಬಸ್ ದಾರಿಯೊಳಗೆ ಸಿಗುತ್ತವೆ. 1996ರಲ್ಲಿ ಉಡುಪಿಯಲ್ಲೇ ಹುಟ್ಟಿ, ಇಲ್ಲೇ ಬೆಳೆದ ರೋಬೋಸಾಫ್ಟ್‌ನಂಥ ಸಾಫ್ಟ್‌ವೇರ್ ಕಂಪನಿ ಇದೆ, ನಿಜ. ಅಂಥವು ಬೆರಳೆಣಿಕೆಯಷ್ಟು. ಪದವೀಧರರು ಮಾತ್ರ ವರ್ಷವರ್ಷವೂ ಸಾಲುಗಟ್ಟಿ ಹೊರಬರುತ್ತಾರೆ. ಕೆಲಸ ಇರುವುದು ಬೆಂಗಳೂರಲ್ಲಿ, ಪುಣೆಯಲ್ಲಿ, ದುಬೈಯಲ್ಲಿ. ಕೆಲಸ ಕೊಡುವವನಿಗೆ ಇವರ ಮುಖ ಗೊತ್ತಿಲ್ಲ, ಮನೆತನ ಗೊತ್ತಿಲ್ಲ. ತನ್ನನ್ನು ತಾನೇ ಪರಿಚಯಿಸಿಕೊಳ್ಳದೆ ಬೇರೆ ದಾರಿ ಎಲ್ಲಿದೆ? ಪರಿಚಯ ಎಲ್ಲಿಗೆ ಮುಗಿದು ಪ್ರಹಸನ ಎಲ್ಲಿ ಶುರುವಾಗುತ್ತದೆ ಎಂಬುದೇ ನೋಡಬೇಕಾದ ಸಂಗತಿ.

ಒಂದು ಮಾದರಿ ಕೊಡುತ್ತೇನೆ. ಇದು ಯಾರೊಬ್ಬರ ಪೋಸ್ಟೂ ಅಲ್ಲ, ಹತ್ತಾರು ಕಡೆ ಕಂಡ ಕೈಕಾಲುಗಳನ್ನು ಜೋಡಿಸಿ ನಾನೇ ಕಟ್ಟಿದ ಬೊಂಬೆ.

‘ನಿನ್ನೆ ಕಾರ್ಕಳದಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ.
ಕಂಡಕ್ಟರ್ ಮೂರು ರೂಪಾಯಿ ಚಿಲ್ಲರೆ ಕೊಡಬೇಕಿತ್ತು.
ನಾನು ಮರೆತಿದ್ದೆ.
ಅವರು ಮರೆತಿರಲಿಲ್ಲ.
ಹಿರಿಯಡ್ಕ ದಾಟಿದ ಮೇಲೆ ಬಂದು ಕೈಗಿಟ್ಟರು.
ನನ್ನ ಕಣ್ಣು ತುಂಬಿ ಬಂತು.
ಆ ಮೂರು ರೂಪಾಯಿ ನನಗೆ ನಾಯಕತ್ವದ ಬಗ್ಗೆ ಕಲಿಸಿದ ಐದು ಪಾಠಗಳು ಇಲ್ಲಿವೆ.’

ಐದು ಪಾಠ ಓದಿ ಮುಗಿಸಿದರೆ ಆರನೆಯದಾಗಿ ನಿಜವಾದ ಸುದ್ದಿ ಬರುತ್ತದೆ: ಬರೆದವರು ಎರಡು ದಿನದ ಆನ್‌ಲೈನ್ ಕಾರ್ಯಾಗಾರ ಮುಗಿಸಿದ್ದಾರೆ, ಸರ್ಟಿಫಿಕೇಟ್ ಲಗತ್ತಿಸಿದೆ. ಅದಕ್ಕೂ ಮೊದಲು ‘ಹಂಬಲ್ಡ್ ಆ್ಯಂಡ್ ಆನರ್ಡ್’ ಎಂಬ ಮಂತ್ರ, ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಜೊತೆಗೆ ಕೂತವರವರೆಗೆ ಹದಿನೆಂಟು ಜನರ ಹೆಸರಿಗೆ ಟ್ಯಾಗ್, ಕೊನೆಯಲ್ಲಿ ಹ್ಯಾಷ್‌ಟ್ಯಾಗುಗಳ ತೋರಣ. ಪಾಪ, ಆ ಕಂಡಕ್ಟರಿಗೆ ಲಿಂಕ್ಡ್‌ಇನ್ ಖಾತೆ ಇಲ್ಲ. ಅವರು ಪರ್ಕಳದಲ್ಲಿ ಬಾಗಿಲಿಗೆ ಜೋತುಬಿದ್ದು ‘ಮಣಿಪಾಲ, ಮಣಿಪಾಲ, ಉಡುಪಿ’ ಎಂದು ಕೂಗುತ್ತಿದ್ದಾರೆ. ಚಿಲ್ಲರೆ ಹಿಂದೆ ಕೊಟ್ಟದ್ದು ತನ್ನ ಸಾಧನೆ ಎಂದು ಅವರಿಗೆ ಹೊಳೆದೇ ಇಲ್ಲ. ಅದು ಇಸಿದುಕೊಂಡವರ ಸಾಧನೆಯಾಗಿ ದಾಖಲಾಯಿತು.

ಸಾಲಿಗೊಂದೇ ವಾಕ್ಯ ಯಾಕೆ? ಕವಿಯಾಗುವ ಚಪಲ ಎಂದು ಮೊದಮೊದಲು ನಾನು ಅಂದುಕೊಂಡಿದ್ದೆ. ಕಾರಣ ಅದಕ್ಕಿಂತ ಒಣಕಲು. ಪರದೆಯ ಮೇಲೆ ಪೋಸ್ಟಿನ ಮೊದಲ ಮೂರು ಸಾಲು ಮಾತ್ರ ಕಾಣುತ್ತದೆ; ಮುಂದಿನದು ಬೇಕಿದ್ದರೆ ‘ಇನ್ನಷ್ಟು’ ಎಂಬಲ್ಲಿ ಒತ್ತಬೇಕು. ಓದುಗ ಒತ್ತಿದ, ಅಲ್ಲೇ ಸ್ವಲ್ಪ ಹೊತ್ತು ನಿಂತ ಎಂದರೆ ಪೋಸ್ಟಿನಲ್ಲಿ ಏನೋ ಸತ್ವ ಇದೆ ಎಂದು ಯಂತ್ರ ಲೆಕ್ಕ ಹಾಕಿ ಇನ್ನೂ ನಾಲ್ಕು ಜನರಿಗೆ ತೋರಿಸುತ್ತದೆ. ಹಾಗಾಗಿ ಮೊದಲ ಮೂರು ಸಾಲಿನಲ್ಲಿ ವಿಷಯ ಹೇಳುವವನು ದಡ್ಡ, ಹೇಳದೆ ಎಳೆಯುವವನು ಜಾಣ. ಬರವಣಿಗೆಯ ಮೇಷ್ಟ್ರುಗಳು ಇಷ್ಟು ಕಾಲ ಹೇಳಿಕೊಟ್ಟದ್ದರ ತದ್ವಿರುದ್ಧ ಇದು. 2022ರಲ್ಲಿ ಒಬ್ಬರು ಇದನ್ನು ಗೇಲಿ ಮಾಡುವ ಒಂದು ಸಣ್ಣ ಯಂತ್ರವನ್ನೇ ಮಾಡಿ ಅಂತರ್ಜಾಲಕ್ಕೆ ಬಿಟ್ಟರು. ಇವತ್ತು ಏನು ಮಾಡಿದಿರಿ, ಯಾವ ಬುದ್ಧಿಮಾತು ಹೇಳಬೇಕು ಎಂದು ತುಂಬಿಸಿ, ಓದುಗನಿಗೆ ಎಷ್ಟು ಮುಜುಗರ ಆಗಬೇಕು ಎಂಬುದಕ್ಕೆ ಒಂದು ಗುಂಡಿ ಸರಿಸಿದರೆ ಪೋಸ್ಟ್ ತಯಾರು. ತಮಾಷೆಯ ಅವಧಿ ಬೇಗ ಮುಗಿಯಿತು. ಮರುವರ್ಷವೇ ಲಿಂಕ್ಡ್‌ಇನ್ ತಾನಾಗಿಯೇ ಪೋಸ್ಟ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸವಲತ್ತು ಕೊಡತೊಡಗಿತು. 2024ರಲ್ಲಿ ಒರಿಜಿನಾಲಿಟಿ ಎಐ ಎಂಬ ಸಂಸ್ಥೆ, ಅಲ್ಲಿನ ಉದ್ದುದ್ದ ಇಂಗ್ಲಿಷ್ ಪೋಸ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರ ಬರೆದವಿರಬಹುದು ಎಂದು ಅಂದಾಜಿಸಿತು. ಅಂಥ ಪತ್ತೆ ಮಾಡುವ ಯಂತ್ರಗಳನ್ನು ನಾನು ಪೂರ್ತಿ ನಂಬುವವನಲ್ಲ. ಆದರೂ ಯಂತ್ರ ಬರೆದು, ಯಂತ್ರ ಹಂಚಿ, ಯಂತ್ರ ಸೂಚಿಸಿದ ‘ಕಂಗ್ರಾಟ್ಸ್’ ಗುಂಡಿಯನ್ನು ಮನುಷ್ಯ ಒತ್ತುವ ದೃಶ್ಯ ನಮ್ಮೆದುರಿಗೇ ಇದೆ.

ಇದರಿಂದ ಲಾಭ ಯಾರಿಗೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. 2003ರ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಇದು ಬಯೋಡೇಟಾ ಇಡುವ ಒಂದು ಕಪಾಟಿನ ಹಾಗಿತ್ತು. ಈಗ ನೂರು ಕೋಟಿಗೂ ಮಿಕ್ಕಿ ಸದಸ್ಯರಿದ್ದಾರೆ. 2023ರಲ್ಲಿ ಭಾರತದ ಸದಸ್ಯರೇ ಹತ್ತು ಕೋಟಿ ದಾಟಿದರು. ಅಮೆರಿಕ ಬಿಟ್ಟರೆ ನಾವೇ. 2024ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದರ ವರಮಾನ 1,600 ಕೋಟಿ ಡಾಲರಿಗೂ ಹೆಚ್ಚು. ಅದರ ದೊಡ್ಡ ಪಾಲು ಬರುವುದು, ಕೆಲಸಕ್ಕೆ ಜನ ಹುಡುಕುವ ಕಂಪನಿಗಳು ಕಟ್ಟುವ ಚಂದಾದಿಂದ. ಅಂದರೆ ಜನ ದಿನಾ ಬಂದು ಇಣುಕುತ್ತಿರಬೇಕು, ಪ್ರೊಫೈಲ್ ತಾಜಾ ಆಗಿರಬೇಕು. ಕಪಾಟಿಗೆ ಯಾರೂ ದಿನಾ ಬರುವುದಿಲ್ಲ, ಜಾತ್ರೆಗೆ ಬರುತ್ತಾರೆ. ಪೋಸ್ಟುಗಳು ಆ ಜಾತ್ರೆಯ ಗೌಜಿ. ಸಂಬಳವಿಲ್ಲದೆ ಅದನ್ನು ಎಬ್ಬಿಸಿಕೊಡುವವರು ನಾವು. ಜನರನ್ನು ಎಳೆದು ತರಲು ಈ ಕಂಪನಿ ಎಷ್ಟು ದೂರ ಹೋಗಿತ್ತೆಂದರೆ, ಸದಸ್ಯರ ಹೆಸರಿನಲ್ಲಿ ಅವರ ಪರಿಚಿತರಿಗೆ ಮತ್ತೆ ಮತ್ತೆ ಆಮಂತ್ರಣದ ಮೇಲ್ ಕಳಿಸಿದ್ದಕ್ಕಾಗಿ ಅಮೆರಿಕದಲ್ಲಿ ದಾವೆ ಬಿದ್ದು, 2015ರಲ್ಲಿ 1.3 ಕೋಟಿ ಡಾಲರಿಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಹಾಗಾದರೆ ತನ್ನನ್ನು ತಾನು ಹೊಗಳಿಕೊಳ್ಳುವುದನ್ನು ಸಿಲಿಕಾನ್ ಕಣಿವೆಯೇ ನಮಗೆ ಕಲಿಸಿತೇ? ಛೆ, ಛೆ. ಕಾರ್ಕಳದ ಗೊಮ್ಮಟನ ಪಕ್ಕದಲ್ಲಿ ನಿಂತು ಆ ಮಾತು ಹೇಳಲು ಯಾರಿಗೂ ಧೈರ್ಯ ಬಾರದು. 1432ರಲ್ಲಿ ವೀರಪಾಂಡ್ಯ ನಲವತ್ತೆರಡು ಅಡಿಯ ಏಕಶಿಲೆಯನ್ನು ಗುಡ್ಡದ ಮೇಲೆ ನಿಲ್ಲಿಸಿ, ನಿಲ್ಲಿಸಿದವನು ತಾನೇ ಎಂದು ಶಾಸನ ಬರೆಸಿದ. ಅದೇ ವಂಶದ ಇಮ್ಮಡಿ ಭೈರವ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿ ಅಲ್ಲಿಯೂ ಶಾಸನ ಹಾಕಿಸಿದ. ಆ ಕಾಲದ ಶಾಸನಗಳಲ್ಲಿ ಬಿರುದುಗಳ ಸರಮಾಲೆ ಎಷ್ಟು ಉದ್ದ ಇರುತ್ತದೆಂದರೆ ಇವತ್ತಿನ ಪ್ರೊಫೈಲಿನ ಹೆಡ್‌ಲೈನ್ ಸಾಲದೇ ಹೋಗುತ್ತದೆ. ಲಿಂಕ್ಡ್‌ಇನ್ ಕೊಡುವುದು 220 ಅಕ್ಷರ ಮಾತ್ರ. ಆದರೆ ಆ ಅರಸರು ಕಲ್ಲನ್ನು ನಿಲ್ಲಿಸಿದ ಮೇಲೆ ಶಾಸನ ಬರೆಸಿದರು. ಸುಳ್ಳು ಹೇಳಿದ್ದರೆ ಗುಡ್ಡ ಹತ್ತಿದವರಿಗೆಲ್ಲ ಗೊತ್ತಾಗುತ್ತಿತ್ತು. ಎರಡು ದಿನದ ಕಾರ್ಯಾಗಾರದಲ್ಲಿ ನಿಂತ ಕಲ್ಲು ಯಾವುದು?

ರಾಜರ ಕಾಲ ಬಿಡಿ. ಕೃಷ್ಣಮಠದ ಪರ್ಯಾಯದ ವರ್ಷದ ಜನವರಿಯಲ್ಲಿ ಉಡುಪಿಗೆ ಬಂದವರಿಗೆ ಗೊತ್ತು, ಕಲ್ಸಂಕದಿಂದ ರಥಬೀದಿಯವರೆಗೆ ಶುಭ ಕೋರುವ ಮುಖಗಳು ಎಷ್ಟು ಇರುತ್ತವೆ ಎಂಬುದು. ಸ್ವಾಮಿಗಳ ಚಿತ್ರ ಒಂದು, ಅದರ ಸುತ್ತ ಕೋರುವವರ ಚಿತ್ರ ಹನ್ನೊಂದು. 2016ರ ಮಾರ್ಚಿನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಅದರಲ್ಲಿ ಸೇರಿತ್ತು. ನಿಷೇಧ ಇದೆ, ಮುಖಗಳೂ ಇವೆ. 2025ರ ಆರಂಭದಲ್ಲಿ ಕಾಪುವಿನ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ಆಯಿತಲ್ಲ, ಇಂಥ ಉತ್ಸವಗಳ ಆಮಂತ್ರಣ ಪತ್ರಿಕೆ ನಮ್ಮ ಕಡೆ ಒಂದು ಸಣ್ಣ ಪುಸ್ತಕದಷ್ಟಿರುತ್ತದೆ. ಸಮಿತಿ, ಉಪಸಮಿತಿ, ಗೌರವ ಸಲಹೆಗಾರರು ಎಂದು ಪುಟಪುಟವೂ ಹೆಸರು. ಮಣಿಪಾಲದಿಂದ 1970ರಲ್ಲಿ ‘ಉದಯವಾಣಿ’ ಹೊರಡಲು ತೊಡಗಿದ ಮೇಲೆ ಊರಿನ ಶಾಲು-ಹಾರ-ಹಣ್ಣುಬುಟ್ಟಿಯ ಸಮ್ಮಾನಗಳಿಗೆ ಫೋಟೋ ಸಮೇತ ಒಂದು ಜಾಗ ಸಿಕ್ಕಿತು. ಹೊಗಳಿಕೆಯ ಹಸಿವು ನಮಗೆ ಯಾರಿಗೂ ಕಡಿಮೆ ಇಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಇವುಗಳಲ್ಲೆಲ್ಲ ಹೊಗಳುವವನು ಇನ್ನೊಬ್ಬ, ಕನಿಷ್ಠ ತೋರಿಕೆಗಾದರೂ. ಫ್ಲೆಕ್ಸ್‌ನ ದುಡ್ಡು ಮುಖದವನದೇ ಆಗಿದ್ದರೂ ಕೆಳಗೆ ‘ಅಭಿಮಾನಿ ಬಳಗ’ ಎಂದು ಹಾಕಿಸಬೇಕು. ಪತ್ರಿಕೆಯಲ್ಲಿ ಬರಬೇಕಾದರೆ ಉಪಸಂಪಾದಕನ ಕತ್ತರಿಯನ್ನು ದಾಟಬೇಕು. ನಮ್ಮಲ್ಲಿ ಬಾಯ್ತುಂಬ ತನ್ನನ್ನೇ ಹೊಗಳಿಕೊಳ್ಳಲು ಪರವಾನಗಿ ಇರುವ ಜಾಗ ಒಂದೇ, ಅದು ಯಕ್ಷಗಾನ ತಾಳಮದ್ದಳೆಯ ಪೀಠಿಕೆ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ, ಮದ್ದಳೆ ಮುಗಿಯುತ್ತದೆ. ವೇಷವಿಲ್ಲದೆ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿ ಗಂಟಲು ಸರಿ ಮಾಡಿಕೊಂಡು ತಾನು ಯಾರು, ತನ್ನ ವಂಶ ಯಾವುದು, ಯಾರನ್ನೆಲ್ಲ ಗೆದ್ದೆ, ಈಗ ಮನಸ್ಸಿನಲ್ಲಿ ಏನಿದೆ ಎಂದು ಅರ್ಧ ಗಂಟೆ ಹೇಳುತ್ತಾನೆ. ಜರಾಸಂಧನೋ ರಾವಣನೋ ಆದರೆ ಇನ್ನೂ ಹೆಚ್ಚು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಅದನ್ನು ಇಂದಿಗೂ ನೆನೆಯುತ್ತಾರೆ. ಅದೆಲ್ಲ ಸ್ವಪ್ರಶಂಸೆಯೇ, ಆದರೆ ಯಾರೂ ಮುಜುಗರಪಡುವುದಿಲ್ಲ. ಯಾಕೆಂದರೆ ಎದುರಿಗೆ, ನಾಲ್ಕಡಿ ದೂರದಲ್ಲಿ, ಇನ್ನೊಬ್ಬ ಅರ್ಥಧಾರಿ ಕೂತು ಪ್ರತಿಯೊಂದು ಮಾತನ್ನೂ ತೂಗುತ್ತಿರುತ್ತಾನೆ. ‘ಹೌದೋ, ಅಷ್ಟು ದೊಡ್ಡವನಾದರೆ ಅವತ್ತು ಹೀಗೇಕೆ ಮಾಡಿದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೀಠಿಕೆಯಲ್ಲಿ ಏರಿಸಿದ ಪ್ರತಿ ಮೆಟ್ಟಿಲಿಗೂ ಸಂವಾದದಲ್ಲಿ ಲೆಕ್ಕ ಒಪ್ಪಿಸಬೇಕು. ಲೆಕ್ಕ ತಪ್ಪಿದವನನ್ನು ಪ್ರೇಕ್ಷಕರು ಮರುದಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ವಿಚಾರಿಸಿಕೊಳ್ಳುತ್ತಾರೆ.

ಲಿಂಕ್ಡ್‌ಇನ್‌ನಲ್ಲಿ ಪೀಠಿಕೆ ಮಾತ್ರ ಇದೆ, ಎದುರು ಅರ್ಥಧಾರಿ ಇಲ್ಲ. ‘ಅಲ್ಲ ಮಾರಾಯ, ಆ ಪ್ರಾಜೆಕ್ಟ್ ಮಾಡಿದ್ದು ಆರು ಜನ, ನೀನು ಪಿಪಿಟಿ ಮಾಡಿದವನು’ ಎಂದು ಹೇಳಬಲ್ಲ ಸಹಪಾಠಿ ಅಲ್ಲೇ ಇದ್ದಾನೆ. ಹೇಳುವುದಿಲ್ಲ. ನಾಳೆ ಅವನ ಪೋಸ್ಟಿಗೆ ಇವನು ಲೈಕ್ ಒತ್ತಬೇಕು, ನಾಡಿದ್ದು ಇಬ್ಬರನ್ನೂ ಒಬ್ಬನೇ ಎಚ್‌ಆರ್ ನೋಡಬೇಕು. 2012ರಲ್ಲಿ ಬಂದ ಎಂಡಾರ್ಸ್‌ಮೆಂಟ್ ಎಂಬ ವ್ಯವಸ್ಥೆ ಈ ಕೊಡುಕೊಳ್ಳುವಿಕೆಯನ್ನು ಒಂದು ಗುಂಡಿಗೆ ಇಳಿಸಿತು: ನಾನು ನಿನ್ನ ‘ಲೀಡರ್‌ಶಿಪ್’ಗೆ ಸಾಕ್ಷಿ, ನೀನು ನನ್ನ ‘ಟೀಮ್‌ವರ್ಕ್’ಗೆ. ಹೆಂಗಸರ ಮುಂದೆ ಉತ್ತರಕುಮಾರ ಎಷ್ಟು ಬೇಕಾದರೂ ಪೌರುಷ ಕೊಚ್ಚಬಹುದಿತ್ತು, ಆದರೆ ಅವನನ್ನು ರಥದಲ್ಲಿ ಕೂರಿಸಿ ಕೌರವ ಸೇನೆಯ ಮುಂದೆ ನಿಲ್ಲಿಸಲು ಬೃಹನ್ನಳೆ ಇದ್ದಳು. ಇಲ್ಲಿ ಎಲ್ಲರೂ ಉತ್ತರರೇ. ಇದೇ ಬಸ್ಸಿನ ಕತೆಯನ್ನು ತುಳುವಿನಲ್ಲಿ ಬರೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ನೋಡಿ. ಐದು ನಿಮಿಷದೊಳಗೆ ಯಾವನಾದರೂ ಮಾವ ‘ನಿಕ್ಕ್ ಮರ್ಲಾ ಮಾರಾಯ?’ (ನಿನಗೆ ಹುಚ್ಚೇ ಮಾರಾಯ?) ಎಂದು ಕೇಳದಿದ್ದರೆ ಹೇಳಿ. ಆ ಮಾವ ಲಿಂಕ್ಡ್‌ಇನ್‌ನಲ್ಲಿ ಇಲ್ಲದಿರುವುದೇ ದೊಡ್ಡ ಕೊರತೆ.

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಸನ್ನಿವೇಶ ಇದೆ. ಕರ್ಣನಿಂದ ಪೆಟ್ಟು ತಿಂದು ಬಿಡಾರ ಸೇರಿದ ಧರ್ಮರಾಯ ಸಿಟ್ಟಿನಲ್ಲಿ ಗಾಂಡೀವವನ್ನು ಹಳಿಯುತ್ತಾನೆ. ಗಾಂಡೀವ ಬಿಟ್ಟುಕೊಡು ಎಂದವನನ್ನು ಕೊಲ್ಲುವುದಾಗಿ ಅರ್ಜುನನ ಶಪಥ. ಕೃಷ್ಣ ಉಪಾಯ ಹೇಳುತ್ತಾನೆ: ಹಿರಿಯನನ್ನು ಏಕವಚನದಲ್ಲಿ ಬಯ್ದುಬಿಡು, ಕೊಂದ ಹಾಗೇ ಆಯಿತು. ಬಯ್ದ ಮೇಲೆ ಅರ್ಜುನನಿಗೆ ಪಶ್ಚಾತ್ತಾಪ. ತನ್ನ ತಲೆಯನ್ನೇ ತೆಗೆದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಅದಕ್ಕೂ ಕೃಷ್ಣನಲ್ಲಿ ಮದ್ದು ಉಂಟು: ನಿನ್ನನ್ನು ನೀನೇ ಹೊಗಳಿಕೋ, ಆತ್ಮಹತ್ಯೆಗೆ ಅದು ಸಮ. ಅರ್ಜುನ ಪ್ರಾಣ ಉಳಿಸಿಕೊಳ್ಳಲು ಮಾಡಿದ ಆ ಕೆಲಸವನ್ನು ಇವತ್ತಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ವಾರಕ್ಕೆ ಮೂರು ಸಲ ಮಾಡಲು ಹೇಳುತ್ತಾರೆ.

ಇದರ ಇನ್ನೊಂದು ತುದಿಯೂ ಕಾರ್ಕಳ ತಾಲೂಕಿನಲ್ಲೇ ಸಿಗುತ್ತದೆ. ನಂದಳಿಕೆ ಲಕ್ಷ್ಮೀನಾರಣಪ್ಪ 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಬಡ ವ್ಯಾಯಾಮ ಮೇಷ್ಟ್ರು. ‘ಅದ್ಭುತ ರಾಮಾಯಣ’, ‘ಶ್ರೀರಾಮಾಶ್ವಮೇಧ’ಗಳನ್ನು ತಾನೇ ಬರೆದು, ಯಾವುದೋ ಹಳೆಯ ಕವಿಯ ಕೃತಿಗಳು ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಮುದ್ದಣ ಎಂಬ ಹೆಸರಿನ ಹಿಂದೆ ಈ ಡ್ರಿಲ್ ಮೇಷ್ಟ್ರು ಇದ್ದದ್ದು ಲೋಕಕ್ಕೆ ಸರಿಯಾಗಿ ತಿಳಿದದ್ದು ಅವರು ಸತ್ತ ಮೇಲೆ. ಇದನ್ನು ಆದರ್ಶವೆಂದು ಹೇಳುವವರಿದ್ದಾರೆ. ನಾನು ಹೇಳಲಾರೆ. ಮೂವತ್ತೊಂದನೇ ವಯಸ್ಸಿಗೆ ಕ್ಷಯದಲ್ಲಿ ಸತ್ತ ಆ ಮನುಷ್ಯ ತನ್ನ ಹೆಸರು ಹೇಳಿಕೊಂಡಿದ್ದರೆ ಯಾರಾದರೂ ಒಂದು ದಾರಿ ಮಾಡಿಕೊಡುತ್ತಿದ್ದರೋ ಏನೋ. ಸಂಕೋಚಕ್ಕೂ ಬೆಲೆ ತೆರಬೇಕಾಗುತ್ತದೆ, ಮತ್ತು ಅದನ್ನು ಹೆಚ್ಚಾಗಿ ಬಡವರೇ ತೆರುತ್ತಾರೆ.

ಹಾಗಾಗಿ ಈ ಪೋಸ್ಟುಗಳನ್ನು ಸಾರಾಸಗಟಾಗಿ ಗೇಲಿ ಮಾಡುವ ಮೊದಲು, ಹಿಂದೆ ನಮ್ಮವರಿಗೆ ಕೆಲಸ ಹೇಗೆ ಸಿಗುತ್ತಿತ್ತು ಎಂದು ನೆನಪಿಸಿಕೊಳ್ಳಬೇಕು. ಬೊಂಬಾಯಿಗೆ ಹಡಗಿನಲ್ಲೋ ಬಸ್ಸಿನಲ್ಲೋ ಹೋದ ಹುಡುಗನ ಜೇಬಿನಲ್ಲಿ ಒಂದು ಕಾಗದ ಇರುತ್ತಿತ್ತು, ‘ಇವನು ನಮ್ಮ ಪೈಕಿ, ನೋಡಿಕೊಳ್ಳಿ’ ಎಂದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕಿಗೋ ಮಿಲ್ಲಿಗೋ ಸೇರಿದವರ ಕತೆ ಕರಾವಳಿಯ ಮನೆಮನೆಯಲ್ಲೂ ಇದೆ. ಆ ಕಾಗದದ ಹಿಂದೆ ದೊಡ್ಡ ಜಾಲವೇ ಇತ್ತು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ, ಬಂಟರ ಸಂಘ 1927ರಿಂದ, ಬಿಲ್ಲವರ ಅಸೋಸಿಯೇಷನ್ ಮುಂದೆ 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿತು. ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟಿನ ಪಿಗ್ಮಿ ಏಜೆಂಟ್ 1928ರಿಂದ ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಎತ್ತುತ್ತಿದ್ದ. ಯಾರು ನಂಬಿಗಸ್ತ, ಯಾರ ಕೈ ಬಿಗಿ, ಯಾರ ಮಗ ಲೆಕ್ಕದಲ್ಲಿ ಚುರುಕು ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಎರಡೂ ಬ್ಯಾಂಕುಗಳ ಹೆಸರು 2020ರ ಏಪ್ರಿಲ್ 1ರಂದು ಒಂದೇ ದಿನ ಅಳಿಸಿಹೋಯಿತು.

ಆ ಜಾಲ ಬೆಚ್ಚಗಿತ್ತು, ಆದರೆ ಜಾತಿಯ ಬೇಲಿಯೊಳಗೆ. ಬೊಂಬಾಯಿಯಲ್ಲಿ ಮಾವ ಇದ್ದವನಿಗೆ ಕಾಗದ ಸಿಗುತ್ತಿತ್ತು. ಮಾವ ಇಲ್ಲದವನಿಗೆ? ಹುಡುಗಿಯರಿಗೆ? ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ, ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವ, ಇಂಗ್ಲಿಷ್ ಸ್ವಲ್ಪ ತಡವರಿಸುವ ಕಾಪು ಕಡೆಯ ಒಬ್ಬಳಿಗೆ ಬೆಂಗಳೂರಿನ ಮ್ಯಾನೇಜರನಿಗೆ ನೇರವಾಗಿ ಒಂದು ಮೆಸೇಜು ಕಳಿಸಲು ಸಾಧ್ಯವಾದದ್ದು ಈ ಜಾಲತಾಣದಿಂದಲೇ. ಇದನ್ನು ಮರೆತು ‘ಈಗಿನವರಿಗೆ ನಾಚಿಕೆಯೇ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಆ ಕಾಗದ ಸಿಕ್ಕವರು.

ಮತ್ತು ಸಂಶೋಧನೆಯೂ ಹೇಳುವುದು, ಕೆಲಸ ಕೊಡಿಸುವುದು ಪರಿಚಯವೇ ಎಂದು. ಆಪ್ತರಿಗಿಂತ ದೂರದ ಪರಿಚಿತರೇ ಹೊಸ ಕೆಲಸಕ್ಕೆ ಹೆಚ್ಚು ದಾರಿ ಮಾಡಿಕೊಡುತ್ತಾರೆ ಎಂದು ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ವಾದಿಸಿದ್ದರು. ಅದನ್ನು ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಲಿಂಕ್ಡ್‌ಇನ್ ಎರಡು ಕೋಟಿ ಸದಸ್ಯರಿಗೆ ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಸಲಹೆಗಳನ್ನು ಬೇರೆಬೇರೆ ಥರ ತೋರಿಸಿ ನಡೆಸಿದ ಪ್ರಯೋಗ ಅದು. ಸದಸ್ಯರಿಗೆ ಆ ಸುದ್ದಿಯೇ ಇರಲಿಲ್ಲ, ಅದು ಬೇರೆ ಮಾತು. ತೀರ ಆಪ್ತರಲ್ಲದ, ತೀರ ಅಪರಿಚಿತರೂ ಅಲ್ಲದ ನಡುವಿನ ಪರಿಚಯಗಳಿಂದ ಕೆಲಸ ಬದಲಾಯಿಸುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಮೂರು ರೂಪಾಯಿಯ ನಾಯಕತ್ವದ ಪಾಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂಬುದು ನನ್ನ ಓದು. ನಯದ ಜಂಬ ಉಪಯೋಗಕ್ಕೆ ಬರುತ್ತದೋ ಎಂದು ಕೇಳಿದವರೂ ಇದ್ದಾರೆ. ಓವುಲ್ ಸೆಜರ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿನಯದ ಮುಸುಕು ಹಾಕಿದ ಜಂಬಕ್ಕಿಂತ ನೇರ ಜಂಬವೇ ವಾಸಿ. ಮುಸುಕಿನವರನ್ನು ಕೇಳುಗರು ಕಡಿಮೆ ಇಷ್ಟಪಟ್ಟರು, ಪ್ರಾಮಾಣಿಕರಲ್ಲ ಎಂದುಕೊಂಡರು. ಹೊಗಳಿಕೊಳ್ಳುವವನು ಎದುರಿನವನ ಖುಷಿಯನ್ನು ಹೆಚ್ಚಾಗಿ, ಕಿರಿಕಿರಿಯನ್ನು ಕಡಿಮೆಯಾಗಿ ಅಂದಾಜು ಮಾಡುತ್ತಾನೆ ಎಂದು 2015ರ ಇನ್ನೊಂದು ಅಧ್ಯಯನ. ಯಾವ ಮದುವೆಯ ಊಟದ ಪಂಕ್ತಿಯಲ್ಲಿ ಕೂತರೂ ಇದು ತಿಳಿಯುತ್ತಿತ್ತು.

ಎಲ್ಲ ವೃತ್ತಿಗಳಿಗೂ ಈ ಬಾಗಿಲು ಒಂದೇ ಥರ ತೆರೆದಿಲ್ಲ ಎಂಬುದನ್ನೂ ಹೇಳಬೇಕು. ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲಿನ 36ನೇ ನಿಯಮ ಅವರ ನಾಮಫಲಕ ಎಷ್ಟು ದೊಡ್ಡದಿರಬೇಕು, ಅದರಲ್ಲಿ ಏನೇನು ಇರಬಾರದು ಎಂಬುದನ್ನೂ ಹೇಳುತ್ತದೆ. ವೈದ್ಯರಿಗೂ 2002ರ ನೀತಿಸಂಹಿತೆಯ ಪ್ರಕಾರ ಆತ್ಮಪ್ರಚಾರ ನಿಷಿದ್ಧ. 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳು ಲೈಕ್, ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು ಎಂದೂ ಸೇರಿಸಿದ್ದವು, ಆದರೆ ಮೂರು ವಾರದೊಳಗೆ ಅವನ್ನು ತಡೆಹಿಡಿಯಲಾಯಿತು. 1953ರಿಂದ ಡಾಕ್ಟರುಗಳನ್ನು ತಯಾರಿಸುತ್ತಿರುವ ಮಣಿಪಾಲದಲ್ಲಿ ಇದು ದೂರದ ವಿಷಯವಲ್ಲ.

ನಗಬೇಕಾದದ್ದು ಯಾರನ್ನು ನೋಡಿ ಎಂಬ ಪ್ರಶ್ನೆಗೆ ಈಗ ಬರಬಹುದು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಪುಟ್ಟ ಮಾರ್ಕೆಟಿಂಗ್ ಕಂಪನಿಯ ಮುಖ್ಯಸ್ಥ ಬ್ರೇಡನ್ ವಾಲ್ಕೆ, ನೌಕರರನ್ನು ಕೆಲಸದಿಂದ ತೆಗೆದು, ತಾನು ಅಳುತ್ತಿರುವ ಸೆಲ್ಫಿ ಹಾಕಿಕೊಂಡರು. ಅದೇ ಹೊತ್ತಿಗೆ ನಮ್ಮ ದೇಶದ ಕ್ಷೌರ ಸಾಮಗ್ರಿ ಕಂಪನಿಯೊಂದರ ಸಿಇಒ ಶಂತನು ದೇಶಪಾಂಡೆ, ಹೊಸಬರು ನಾಲ್ಕೈದು ವರ್ಷ ದಿನಕ್ಕೆ ಹದಿನೆಂಟು ಗಂಟೆ ದುಡಿಯಬೇಕೆಂದು ಬರೆದು ಉಗಿಸಿಕೊಂಡರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಲಿಂಕ್ಡ್‌ಇನ್ ಕಂಪನಿಯೇ 2023ರ ಮೇ ತಿಂಗಳಲ್ಲಿ 716 ಮಂದಿಯನ್ನು, ಅಕ್ಟೋಬರ್‌ನಲ್ಲಿ 668 ಮಂದಿಯನ್ನು ಮನೆಗೆ ಕಳಿಸಿತು. ಕೆಲಸ ಹೋದವನು ಫೋಟೋದ ಸುತ್ತ ಹಸಿರು ಬಳೆ ತೊಟ್ಟು ‘ಕೆಲಸ ಬೇಕು’ ಎಂದು ಹೇಳಿಕೊಳ್ಳುವುದರಲ್ಲಿ ಅಸಂಬದ್ಧ ಏನೂ ಇಲ್ಲ; ಆ ಸೈಟ್ ಇರುವುದೇ ಅದಕ್ಕೆ. ಅಸಂಬದ್ಧ ಇರುವುದು, ಕೆಲಸ ಇದ್ದೂ, ಅಧಿಕಾರ ಇದ್ದೂ, ಕಂಡಕ್ಟರನ ಮೂರು ರೂಪಾಯಿಯಲ್ಲಿ ತನ್ನ ಹಿರಿಮೆಯನ್ನು ಹುಡುಕುವವರಲ್ಲಿ. ಅವರನ್ನು ನೋಡಿ ನಗಿ, ಧಾರಾಳವಾಗಿ ನಗಿ.

ವಿದ್ಯಾರ್ಥಿಗಳ ಪೋಸ್ಟನ್ನು ನೋಡಿದಾಗ ಮಾತ್ರ ಅವರ ಹಿಂದೆ ನಿಂತವರನ್ನು ನೋಡಬೇಕು. ‘ಪ್ರೊಫೈಲ್ ಆ್ಯಕ್ಟಿವ್ ಇಡಿ, ವಾರಕ್ಕಿಷ್ಟು ಪೋಸ್ಟ್ ಹಾಕಿ, ಕಾಲೇಜನ್ನು ಟ್ಯಾಗ್ ಮಾಡಿ’ ಎಂದು ತರಬೇತಿಯಲ್ಲಿ ಹೇಳುವವರು ಹಿರಿಯರೇ. ಕಾಲೇಜಿಗೆ ಅದರಿಂದ ಬಿಟ್ಟಿ ಪ್ರಚಾರ. ಎಐಸಿಟಿಇ ಕೇಳುವ ನೂರು ಆ್ಯಕ್ಟಿವಿಟಿ ಪಾಯಿಂಟು, ಕಡ್ಡಾಯ ಇಂಟರ್ನ್‌ಶಿಪ್ ಇವುಗಳ ಮೂಲ ಉದ್ದೇಶ ಒಳ್ಳೆಯದೇ. ಆದರೆ ಇವುಗಳಿಂದ ಸರ್ಟಿಫಿಕೇಟಿನ ಒಂದು ಸಂತೆಯೇ ಹುಟ್ಟಿಕೊಂಡಿದೆ. ಹುಡುಗರಿಂದಲೇ ಫೀಸು ತೆಗೆದುಕೊಂಡು ‘ಇಂಟರ್ನ್‌ಶಿಪ್’ ಕೊಡುವ, ಆಫರ್ ಲೆಟರನ್ನು ಪೋಸ್ಟ್ ಮಾಡಿ ತಮ್ಮನ್ನು ಟ್ಯಾಗ್ ಮಾಡಲೇಬೇಕೆಂದು ಷರತ್ತು ಹಾಕುವ ಕಂಪನಿಗಳಿವೆ. ಹುಡುಗ ಕೊಟ್ಟದ್ದು ದುಡ್ಡು, ಮಾಡಿಕೊಟ್ಟದ್ದು ಜಾಹೀರಾತು, ಪಡೆದದ್ದು ಒಂದು ಪಿಡಿಎಫ್. ಪ್ಲೇಸ್‌ಮೆಂಟ್ ಸೆಲ್‌ನವರು ಪೋಸ್ಟುಗಳ ಲೆಕ್ಕ ಇಡುವುದನ್ನು ಬಿಟ್ಟು ಇಂಥ ಕಂಪನಿಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಉಪಕಾರ. ಹಾಗೆಯೇ, ಏನು ಮಾಡಿದೆ, ಜೊತೆಗೆ ಯಾರಿದ್ದರು, ಎಲ್ಲಿ ಕೆಟ್ಟಿತು, ಕೋಡ್ ಎಲ್ಲಿದೆ ಎಂದು ನಾಲ್ಕು ಸಾಲಿನಲ್ಲಿ ನೇರ ಬರೆಯುವುದನ್ನು ಕಲಿಸಲಿ. ಹೊಗಳಿಕೊಂಡರೂ ಅಡ್ಡಿಯಿಲ್ಲ, ನೇರವಾಗಿ ಹೊಗಳಿಕೊಳ್ಳಲಿ.

ಕೊನೆಯದಾಗಿ, ಈ ಊರಿನಿಂದ ಹೊರಟು ಬೆಂಗಳೂರು, ಪುಣೆ, ದುಬೈ, ಸಿಯಾಟಲ್‌ನಲ್ಲಿ ನೆಲೆ ನಿಂತ ಓದುಗರಲ್ಲಿ ಒಂದು ಕೋರಿಕೆ. ಗ್ರನೊವೆಟರ್ ಹೇಳಿದ ದೂರದ ಪರಿಚಿತರು ಎಂದರೆ ನೀವೇ. ನಿಮ್ಮ ಇನ್‌ಬಾಕ್ಸಿನಲ್ಲಿ ನಿಟ್ಟೆಯದೋ ಬಂಟಕಲ್ಲಿನದೋ ಒಬ್ಬ ವಿದ್ಯಾರ್ಥಿ ಕಳಿಸಿದ ಮೆಸೇಜು ವಾರದಿಂದ ಬಿದ್ದಿರಬಹುದು. ಇಂಗ್ಲಿಷ್ ಕೃತಕವಾಗಿದೆ, ‘ಎಸ್ಟೀಮ್ಡ್ ಸರ್’ ಎಂದು ಶುರುವಾಗಿದೆ, ಅರ್ಧ ಯಂತ್ರ ಬರೆದಂತಿದೆ. ಅವರ ಪೋಸ್ಟಿಗೆ ಲೈಕ್ ಒತ್ತದಿದ್ದರೂ ನಡೆಯುತ್ತದೆ. ಆ ಮೆಸೇಜಿಗೆ ಎರಡು ಸಾಲು ಉತ್ತರ ಬರೆಯಿರಿ. ಕೆಲಸ ಖಾಲಿ ಇಲ್ಲದಿದ್ದರೆ ಇಲ್ಲ ಎನ್ನಿ, ರೆಸ್ಯೂಮೆಯಲ್ಲಿ ಏನು ತಪ್ಪಿದೆ ಎಂದು ಹೇಳಿ, ಕನ್ನಡದಲ್ಲೋ ತುಳುವಿನಲ್ಲೋ ಬರೆದರೆ ಇನ್ನೂ ಒಳ್ಳೆಯದು.